ಹಿತ್ತಾಳೆ ಸೌತೆಕಾಯಿ

ಕೈಗೆ ಸಿಕ್ಕಿದ್ದನ್ನು ಮೊದಲು ಬಡಿದು ನೋಡುವುದು ನಮ್ಮ ಮನೆತನದ ಚಾಳಿ. ಕಲ್ಲಂಗಡಿ ಹಣ್ಣನ್ನು ಎಲ್ಲರೂ ಬಡಿದು ನೋಡುತ್ತಾರೆ, ಅದು ಬೇರೆ. ನಾವು ಹೊಸ ಬಕೆಟ್ಟನ್ನೂ ಬಡಿಯುತ್ತೇವೆ, ನೀರಿನ ಪೈಪನ್ನೂ ಬಡಿಯುತ್ತೇವೆ. ಬ್ಯಾಂಕಿಗೆ ಹೋದರೆ ಅಲ್ಲಿನ ಕಿಟಕಿಯ ಸರಳಿಗೂ ಉಂಗುರದ ಬೆರಳಿನಿಂದ ಒಂದು ಏಟು ಕೊಟ್ಟು, ‘ಬಿಳಿ ಮೂರು, ಸ್ವಲ್ಪ ಇಳಿದಿದೆ’ ಎಂದು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಅದರ ಸ್ವರ ಗೊತ್ತುಮಾಡಿಕೊಂಡೇ ಬರುತ್ತೇವೆ. ಮುತ್ತಜ್ಜನ ಕಾಲದಿಂದ ವಾದ್ಯ ರಿಪೇರಿ ಮಾಡಿಕೊಂಡು ಬಂದವರು ನಾವು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಅಮ್ಮ ಮಾತ್ರ ವಸ್ತುಗಳನ್ನು ಎಲ್ಲರ ಹಾಗೆ ಕಣ್ಣಿನಿಂದ ನೋಡುತ್ತಾಳೆ.

ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ, ಅದರ ಹಿಂದೆ ಮನೆ. ಬೀದಿಯ ಕಡೆಯ ಅರ್ಧ ಚಿಕ್ಕಪ್ಪನದು. ಅಲ್ಲಿ ಗಾಜಿನ ಕಪಾಟು, ಕಪಾಟಿನ ತುಂಬ ಇನ್ನೂ ಪ್ಲಾಸ್ಟಿಕ್ ಬಿಚ್ಚದ ಎಲೆಕ್ಟ್ರಾನಿಕ್ ಕೀಬೋರ್ಡುಗಳು. ಒಳಗಿನ ಅರ್ಧ ಅಪ್ಪನದು ಮತ್ತು ನನ್ನದು. ಎರಡು ಮೇಜು, ಒಂದು ಅಂಟಿನ ಒಲೆ, ಗೋಡೆಯ ಮೇಲೆ ಹೊಟ್ಟೆ ಬಿಚ್ಚಿದ ಪಿಟೀಲುಗಳು, ಮೂತಿ ಸೊಟ್ಟಗಾದ ತುತ್ತೂರಿಗಳು, ನೆಲದ ಮೇಲೆ ತಿದಿ ಹರಿದ ಹಾರ್ಮೋನಿಯಂಗಳು. ಮುಂದಿನ ಅರ್ಧದಲ್ಲಿ ನಡೆದಾಡಲು ಜಾಗವಿದೆ, ಹಿಂದಿನ ಅರ್ಧದಲ್ಲಿ ಉಸಿರಾಡಲು ಮಾತ್ರ ಇದೆ.

ಚಿಕ್ಕಪ್ಪ ಹೊಟ್ಟೆಯೊಳಗೆ ಏನನ್ನೂ ಇಟ್ಟುಕೊಳ್ಳದ ಮನುಷ್ಯ. ‘ಅಣ್ಣನ ಕಿವಿ ಇರೋ ತನಕ ಹಿಂದಿನ ಅರ್ಧಕ್ಕೆ ನಾನು ಕೈ ಹಾಕಲ್ಲ. ಆಮೇಲೆ ಮೇಜು ಎತ್ತಿಸಿ ಅಲ್ಲೂ ಕೀಬೋರ್ಡ್ ಜೋಡಿಸೋದೇ’ ಎಂದು ಊಟಕ್ಕೆ ಕೂತಾಗ ಅಪ್ಪನ ಎದುರೇ ಹೇಳುತ್ತಿದ್ದ. ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಅಪ್ಪನ ಕಿವಿಯ ಮೇಲೆ ಅವನಿಗೆ ಅಷ್ಟು ನಂಬಿಕೆ. ಊರಿನವರಿಗೂ ಅಷ್ಟೇ. ಅಪ್ಪನನ್ನು ಅವರು ಕರೆಯುತ್ತಿದ್ದದ್ದೇ ‘ಚಿನ್ನದ ಕಿವಿ’ ಎಂದು. ಆ ಲೆಕ್ಕದಲ್ಲಿ ಚಿಕ್ಕಪ್ಪನದು ಹಿತ್ತಾಳೆ ಕಿವಿ, ಯಾರು ಏನು ಹೇಳಿದರೂ ನಂಬುತ್ತಾನೆ. ನನ್ನ ಕಿವಿಯ ವಿಷಯ ಯಾರೂ ಎತ್ತುತ್ತಿರಲಿಲ್ಲ. ಚಿಕ್ಕಪ್ಪನ ಪಾಲಿಗೆ ನಾನು ಅಂಟು ಕಾಯಿಸುವವಳು.

ಕಷ್ಟವೇನೆಂದರೆ, ಆ ಚಿನ್ನದ ಕಿವಿ ಹೋಗಿ ಆಗಲೇ ಎರಡು ವರ್ಷವಾಗಿತ್ತು.

ಪೂರ್ತಿ ಹೋಗಿರಲಿಲ್ಲ. ಮಾತು ಎದುರಿಗೆ ನಿಂತು ಆಡಿದರೆ ಸಾಕಷ್ಟು ತಿಳಿಯುತ್ತಿತ್ತು, ಉಳಿದದ್ದನ್ನು ಅಪ್ಪ ತುಟಿ ನೋಡಿ ತುಂಬಿಕೊಳ್ಳುತ್ತಿದ್ದ. ಹೋದದ್ದು ಸ್ವರಗಳು, ಅದರಲ್ಲೂ ಎತ್ತರದ ಸ್ವರಗಳು. ಒಂದು ದಿನ ಅವನು ಸರಿಮಾಡಿ ಇಟ್ಟ ಹಾರ್ಮೋನಿಯಂ ನುಡಿಸಿ ನೋಡಿದೆ. ಮೇಲಿನ ಮನೆಗಳೆಲ್ಲ ಹಲ್ಲುನೋವು ಬಂದವರ ಹಾಗೆ ಕಿರುಗುಟ್ಟಿದವು. ನಾನು ಏನೂ ಅನ್ನದೆ ಒಳಗಿನ ಹಿತ್ತಾಳೆಯ ಸ್ವರಪಟ್ಟಿಗಳನ್ನು ಮತ್ತೆ ಬಿಚ್ಚಿ, ಏರಿಸಬೇಕಾದವುಗಳ ತುದಿ, ಇಳಿಸಬೇಕಾದವುಗಳ ಬುಡ ಕೆರೆದು ಕೂರಿಸಿದೆ. ಅಪ್ಪ ನೋಡುತ್ತಿದ್ದ. ಅವನೂ ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಬಂದವನೇ ಸ್ವರಪಟ್ಟಿಗಳ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ನನ್ನ ಮೇಜಿನಲ್ಲಿದ್ದ ಹರಿದ ತಿದಿಯನ್ನು ತನ್ನ ಮೇಜಿಗೆ ಎತ್ತಿಕೊಂಡು ಹೋದ. ಒಪ್ಪಂದ ಆದದ್ದು ಅಷ್ಟರಲ್ಲೇ.

ಅಂದಿನಿಂದ ಮರ, ಚರ್ಮ, ಅಂಟು, ತಗಡು ಅಪ್ಪನದು, ಸ್ವರ ನನ್ನದು. ಗಿರಾಕಿಗಳು ಬಂದು ‘ಹೇಗಿದೆ ನೋಡಿ’ ಎಂದು ಪಿಟೀಲು ಎಳೆದಾಗ ನಾನು ಅವರ ಬೆನ್ನ ಹಿಂದೆ ನಿಂತು ಧೂಳು ಒರೆಸುತ್ತಿದ್ದೆ. ಬಟ್ಟೆ ಮೇಲಕ್ಕೆ ಹೋದರೆ ಸ್ವರ ಏರಿದೆ, ಕೆಳಗೆ ಬಂದರೆ ಇಳಿದಿದೆ, ಹೆಗಲ ಮೇಲೆ ಹಾಕಿಕೊಂಡರೆ ಸರಿಯಾಗಿದೆ. ಅಪ್ಪ ಸೂರು ನೋಡುತ್ತಾ ಆಲಿಸಿದ ಹಾಗೆ ಮಾಡಿ, ಓರೆಗಣ್ಣಿನಲ್ಲಿ ನನ್ನನ್ನು ನೋಡಿ, ‘ಸ್ವಲ್ಪ ಏರಿದೆ’ ಎನ್ನುತ್ತಿದ್ದ. ಗಿರಾಕಿ ಕೈ ಮುಗಿಯುತ್ತಿದ್ದ. ನಮ್ಮ ಅಂಗಡಿಯಲ್ಲಿ ಒಂದು ಕಾಳು ಧೂಳು ಇರಲಿಲ್ಲ.

ನನಗೇನೂ ಬೇಜಾರಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೇಜಾರು ಇತ್ತು. ಅಪ್ಪನ ಮೇಲಲ್ಲ. ಯಾರ ಮೇಲೆ ಎಂದು ಗೊತ್ತಾಗದೆ ಅಂಟಿನ ಒಲೆಯ ಮೇಲೆ ಸಿಡಿಮಿಡಿಗೊಳ್ಳುತ್ತಿದ್ದೆ.

ಹೀಗಿರುವಾಗ ತುತ್ತೂರಿ ಮಾವ ಒಂದು ಚೀಲ ಹಳೆ ಹಿತ್ತಾಳೆ ತಂದು ಸುರಿದ. ಅವನು ನಮಗೆ ಸಂಬಂಧದಲ್ಲಿ ಏನೂ ಅಲ್ಲ, ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ನಗ್ಗಿದ ವಾದ್ಯಗಳಿಗೆ ತೇಪೆ ಹಾಕಲು ಹಳೆ ತಗಡು ಬೇಕಾಗುತ್ತದೆಂದು ಎಲ್ಲಿ ಸಿಕ್ಕರೂ ನಮಗೆ ತಂದುಕೊಡುತ್ತಾನೆ. ಬೀದಿಯ ಕೊನೆಯಲ್ಲಿ ಒಂದು ಹಳೇ ಉಗ್ರಾಣ ಕೆಡವಿದ್ದರು, ಅಲ್ಲಿ ಆರಿಸಿದ್ದಂತೆ. ಬಾಗಿಲ ಚಿಲಕ, ಬುಡ ಹೋದ ಚೊಂಬು, ಪೈಪಿನ ತುಂಡುಗಳ ನಡುವೆ ಅದು ಇತ್ತು.

ಒಂದು ಎಳೆ ಸೌತೆಕಾಯಿಯಷ್ಟು ಉದ್ದ, ಅಷ್ಟೇ ದಪ್ಪ. ಮೈ ಮೇಲೆಲ್ಲ ಕಪ್ಪು ಜಿಡ್ಡು ಕಲ್ಲಿನಂತೆ ಗಟ್ಟಿಯಾಗಿತ್ತು. ಒಂದು ಬದಿಯಲ್ಲಿ ಕಮಾನಿನಂತೆ ಬಾಗಿದ ಹಿಡಿ. ಹೊಟ್ಟೆಯ ಸುತ್ತ ನಾಲ್ಕು ಪಟ್ಟಿಗಳಲ್ಲಿ ಸಾಲು ಸಾಲಾಗಿ ಏನೇನೋ ಕೊರೆದಿದ್ದರು. ಒಂದು ಕೊಕ್ಕೆಯ ಹಾಗಿತ್ತು, ಒಂದರಲ್ಲಿ ಎರಡು ಗೆರೆಯ ನಡುವೆ ಅಡ್ಡಗೆರೆಗಳು, ಒಂದು ತಲೆಕೆಳಗಾದ ಸೊನ್ನೆ ಎನ್ನೋಣ ಎಂದರೆ ಸೊನ್ನೆಗೆ ತಲೆ ಯಾವುದು. ನಮಗೆ ಗೊತ್ತಿರುವ ಯಾವ ಲಿಪಿಯೂ ಅಲ್ಲ.

ಚಿಕ್ಕಪ್ಪ ಅದನ್ನು ಹಿಡಿಯಿಂದ ಎತ್ತಿ, ಸಣ್ಣ ಸುತ್ತಿಗೆಯಿಂದ ಒಂದು ಬಿಟ್ಟ. ಟಣ್ ಎಂದಿತು. ಅಲ್ಲಾಡಿಸಿದ. ಒಳಗೆ ಏನೋ ಗಿಲಕ್ ಎಂದಿತು. ಅವನ ಮುಖ ಹಾಲು ಕುಡಿದವನ ಹಾಗಾಯಿತು.

‘ವಾದ್ಯ ಇದು’ ಎಂದ. ‘ಬಡಿದ್ರೆ ಗಂಟೆ, ಅಲ್ಲಾಡಿಸಿದ್ರೆ ಗಿಲಕಿ. ಎರಡೂ ಒಂದರಲ್ಲೇ. ಅಣ್ಣಾ, ಇದು ಯಾವ ಸ್ವರ?’

ಮತ್ತೊಮ್ಮೆ ಬಡಿದ. ಅಪ್ಪ ಸೂರು ನೋಡಿದ. ನಾನು ಚಿಕ್ಕಪ್ಪನ ಹಿಂದಿದ್ದ ಹಾರ್ಮೋನಿಯಂ ಒರೆಸುವವಳಂತೆ ಹೋಗಿ ಎರಡನೇ ಕಪ್ಪು ಮನೆಯ ಮೇಲೆ ಬೆರಳಿಟ್ಟೆ.

‘ಕಪ್ಪು ಎರಡು’ ಎಂದ ಅಪ್ಪ.

‘ನೋಡಿದ್ಯಾ ಮಾವ’ ಎಂದು ಚಿಕ್ಕಪ್ಪ ತುತ್ತೂರಿ ಮಾವನ ಬೆನ್ನು ತಟ್ಟಿದ. ‘ಒಂದೇ ಏಟಿಗೆ.’

ಅದಕ್ಕೆ ಆ ಕ್ಷಣದಲ್ಲೇ ಸೌತೆಕಾಯಿ ಎಂಬ ಹೆಸರು ಬಿತ್ತು. ಗುರುತುಗಳು ಏನು ಎಂಬ ಪ್ರಶ್ನೆಗೂ ಚಿಕ್ಕಪ್ಪ ಸಂಜೆಯೊಳಗೆ ಉತ್ತರ ಕಂಡುಹಿಡಿದ. ವಾದ್ಯದ ಮೇಲೆ ಗುರುತು ಇದ್ದರೆ ಅದು ಸ್ವರವಲ್ಲದೆ ಇನ್ನೇನು? ಕೊಕ್ಕೆ ಅಂದರೆ ಸಾ, ಅಡ್ಡಗೆರೆ ಅಂದರೆ ರೀ, ಹೀಗೆ ಅವನೇ ಲೆಕ್ಕ ಹಾಕಿ, ಕೀಬೋರ್ಡಿನ ಮುಂದೆ ಕೂತು, ಸೌತೆಕಾಯಿ ನೋಡಿಕೊಂಡು ಒಂದು ರಾಗ ನುಡಿಸಿದ. ಒಳಗೆ ಅಡುಗೆ ಮಾಡುತ್ತಿದ್ದ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು.

‘ಯಾರಿಗೆ ಏನಾಯ್ತು?’

‘ಪ್ರಾಚೀನ ಸಂಗೀತ ಅತ್ತಿಗೆ. ಎಷ್ಟು ನೂರು ವರ್ಷ ಆಯ್ತೋ ಯಾರೂ ಇದನ್ನ ಕೇಳಿಲ್ಲ.’

‘ಕೇಳದೇ ಇದ್ದದ್ದಕ್ಕೆ ಕಾರಣ ಇರುತ್ತೆ’ ಎಂದು ಅಮ್ಮ ಒಳಗೆ ಹೋದಳು.

ನಾವು ನಕ್ಕೆವು. ಆದರೆ ಚಿಕ್ಕಪ್ಪ ನಿಲ್ಲುವ ಆಳಲ್ಲ. ಭಾನುವಾರ ಸಂಜೆ ಊರಿನ ವಾದ್ಯದವರೆಲ್ಲ ನಮ್ಮ ಅಂಗಡಿಯಲ್ಲಿ ಸೇರುವುದು ವಾಡಿಕೆ. ಹರಟೆ ಹೊಡೆದು, ಒಬ್ಬರ ವಾದ್ಯ ಇನ್ನೊಬ್ಬರು ನುಡಿಸಿ, ಟೀ ಕುಡಿದು ಹೋಗುತ್ತಾರೆ. ಆ ಭಾನುವಾರ ಸೌತೆಕಾಯಿಯನ್ನು ಎಲ್ಲರ ಮುಂದೆ ಇಡುವುದೆಂದು ಅವನು ತೀರ್ಮಾನಿಸಿದ.

‘ನಾನು ಒಂದೊಂದೇ ಗುರುತಿನ ಮೇಲೆ ಬಡೀತೀನಿ. ಅಣ್ಣ ಕಣ್ಣು ಮುಚ್ಚಿ ಕೂತು ಸ್ವರ ಹೇಳ್ತಾ ಹೋಗ್ತಾನೆ. ಸಂಗೀತದ ಮೇಷ್ಟ್ರು ಬರ್ತಾರೆ, ಬ್ಯಾಂಡಿನವರು ಬರ್ತಾರೆ. ಎಲ್ಲರೂ ನೋಡ್ಲಿ, ಚಿನ್ನದ ಕಿವಿ ಅಂದ್ರೆ ಏನು ಅಂತ.’

ಕಣ್ಣು ಮುಚ್ಚಿ ಎಂದಾಗ ನಾನು ಧೂಳು ಒರೆಸುವ ಬಟ್ಟೆ ನೋಡಿಕೊಂಡೆ. ಅಪ್ಪ ‘ಆಗಲಿ’ ಎಂದು ನಕ್ಕು, ಸುಮ್ಮನೆ ಕೈಯಲ್ಲಿದ್ದ ಚರ್ಮವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಚಿಕ್ಕಪ್ಪ ಊಟಕ್ಕೆ ಹೋದ ಮೇಲೆ ಅಪ್ಪ ನನ್ನ ಮೇಜಿನ ಎದುರು ಸ್ಟೂಲು ಎಳೆದುಕೊಂಡು ಕೂತ. ಎರಡು ವರ್ಷದಲ್ಲಿ ಆ ವಿಷಯವನ್ನು ನಾವಿಬ್ಬರೂ ಬಾಯಿ ಬಿಟ್ಟು ಆಡಿದ್ದು ಅದೇ ಮೊದಲು.

‘ಕಣ್ಣು ಮುಚ್ಚಿದ್ರೆ ನಾನು ಮುಗಿದೆ ಪುಟ್ಟಿ.’

‘ಜ್ವರ ಅಂತ ಮಲಗಿಬಿಡು ಅಪ್ಪ.’

‘ಈ ಭಾನುವಾರ ಮಲಗಬಹುದು. ಮುಂದಿನ ಭಾನುವಾರ? ಒಂದಲ್ಲ ಒಂದು ದಿನ ಗೊತ್ತಾಗುತ್ತೆ. ಆಮೇಲೆ ಈ ಮೇಜು ಎತ್ತಿಸ್ತಾನೆ. ನಾನು ಮನೇಲಿ ಕೂತು ಏನು ಮಾಡ್ಲಿ? ನಿಮ್ಮಮ್ಮನಿಗೆ ಬೀನ್ಸ್ ಬಿಡಿಸಿಕೊಡ್ಲಾ?’ ಅಪ್ಪ ಹೆದರಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಪ್ಪ ಸೌತೆಕಾಯಿಯನ್ನು ಎತ್ತಿಕೊಂಡ. ‘ಇದು ವಾದ್ಯವೇ ಅಲ್ಲ ಅಂತ ತೋರಿಸಿಬಿಟ್ರೆ ಬಡಿಯೋ ಮಾತೇ ಬರಲ್ಲ. ಏನಿದು?’

‘ತಡಿ’ ಎಂದು ನಾನು ಅದನ್ನು ತೆಗೆದುಕೊಂಡು, ತಿರುಗಿಸಿ, ಸುತ್ತಿಗೆ ಹುಡುಕಿದೆ. ಅಪ್ಪ ನನ್ನ ಕೈ ಹಿಡಿದ.

‘ಬಡೀಬೇಡ. ಬಡಿದು ಬಡಿದೇ ನಾವು ಹಾಳಾಗಿರೋದು. ನೋಡು ಮೊದಲು.’

ಆಮೇಲಿನ ದಿನಗಳಲ್ಲಿ ಚಿಕ್ಕಪ್ಪ ಮಧ್ಯಾಹ್ನ ಮಲಗಿದಾಗಲೆಲ್ಲ ಅಪ್ಪ ಸೀಮೆಎಣ್ಣೆಯ ಬಟ್ಟಲು, ಹಳೆಯ ಹಲ್ಲುಜ್ಜುವ ಬ್ರಷ್ಷು, ಪಿಟೀಲಿನ ತಂತಿಯ ಒಂದು ತುಂಡು ಇಟ್ಟುಕೊಂಡು ಕೂರುತ್ತಿದ್ದ. ಜಿಡ್ಡು ಪದರ ಪದರವಾಗಿ ಬಿಟ್ಟಿತು. ಕೊಕ್ಕೆ ಎಂದುಕೊಂಡದ್ದು ಮೀನಾಯಿತು, ಬಾಲ ಸಮೇತ. ಅಡ್ಡಗೆರೆ ಏಣಿಯಾಯಿತು. ಸೊನ್ನೆ ಒಂದು ಕೊಡ; ತಲೆ ಯಾವುದು ಎಂದು ಈಗ ಗೊತ್ತಾಯಿತು. ಇನ್ನೊಂದು ಹಕ್ಕಿ, ಮತ್ತೊಂದು ಕುಡುಗೋಲು. ಅಕ್ಷರವಲ್ಲ, ಚಿತ್ರಗಳು.

‘ನಾಲ್ಕು ಪಟ್ಟಿಯಲ್ಲೂ ಇವೇ ಚಿತ್ರ ಇವೆ, ಜಾಗ ಮಾತ್ರ ಬೇರೆ ಬೇರೆ’ ಎಂದ ಅಪ್ಪ. ‘ಪಟ್ಟಿ ಪಟ್ಟಿಯ ನಡುವೆ ಗೆರೆ ಇದೆಯಲ್ಲ, ಅದು ಅಂದಕ್ಕೆ ಎಳೆದ ಗೆರೆ ಅಲ್ಲ. ತಂತಿ ಒಳಗೆ ಹೋಗ್ತಾ ಇದೆ ನೋಡು.’

ಅವನು ಎರಡೂ ಕೈಯಿಂದ ಹಿಡಿದು, ಒದ್ದೆ ಬಟ್ಟೆ ಹಿಂಡುವವನ ಹಾಗೆ ತಿರುಚಿದ. ಮುಖ ಕೆಂಪಾಯಿತು. ಒಂದು ಪಟ್ಟಿ ಕೂದಲಷ್ಟು ಜರುಗಿತು. ಮತ್ತೆ ತಿರುಚಿದ. ಕೈಗೆ ತೊಟ್ಟ ಬಳೆಯ ಹಾಗೆ ಪಟ್ಟಿ ಸುತ್ತ ತಿರುಗಿಬಿಟ್ಟಿತು.

ಅಪ್ಪ ಬಾಯಿ ಮುಚ್ಚಿಕೊಂಡು ನಕ್ಕ. ‘ಬೀಗ ಕಣೇ ಇದು. ಕೀಲಿ ಇಲ್ಲದ ಬೀಗ. ನಾಲ್ಕು ಬಳೆ ತಿರುಗಿಸಿ ಸರಿಯಾದ ನಾಲ್ಕು ಚಿತ್ರ ಒಂದು ಸಾಲಿಗೆ ತಂದ್ರೆ ಬಿಟ್ಟುಕೊಳ್ಳುತ್ತೆ. ಆ ಉಗ್ರಾಣದ್ದಿರಬೇಕು. ನಾವು ಹಿಡಿ ಅಂದುಕೊಂಡಿದ್ದು ಬೀಗದ ಕೊಂಡಿ.’

ಯಾವ ನಾಲ್ಕು ಚಿತ್ರ ಎಂದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ. ತೆರೆಯದ ಬೀಗವನ್ನು ಬೀಗವೆಂದು ಚಿಕ್ಕಪ್ಪನಿಗೆ ಒಪ್ಪಿಸುವುದು ಸಾಧ್ಯವೇ ಇರಲಿಲ್ಲ. ಅಪ್ಪ ಬಳೆ ತಿರುಗಿಸುತ್ತಲೇ ಇದ್ದ, ಅಷ್ಟರಲ್ಲಿ ಚಿಕ್ಕಪ್ಪ ಎದ್ದು ಬಂದು, ‘ಅರೆ, ಎಷ್ಟು ಚೆನ್ನಾಗಿ ತೊಳೆದಿದ್ದೀಯ ಅಣ್ಣ’ ಎಂದು ಅದನ್ನು ಕಿತ್ತುಕೊಂಡು ಹೋಗಿ ಕೀಬೋರ್ಡಿನ ಮುಂದೆ ಕೂತ. ನುಡಿಸತೊಡಗಿದ. ತಟ್ಟನೆ ನಿಲ್ಲಿಸಿದ. ಮತ್ತೆ ನುಡಿಸಿದ. ತಲೆ ಕೆರೆದುಕೊಂಡ.

‘ನಿನ್ನೆ ಈ ರಾಗ ಇರಲಿಲ್ಲ’ ಎಂದ.

‘ಬೆಳಗಿನ ರಾಗ ಬೇರೆ, ಸಂಜೆ ರಾಗ ಬೇರೆ ಇರಬಹುದು’ ಎಂದೆ ನಾನು. ಅಪ್ಪ ನಗು ತಡೆಯಲಾರದೆ ಒಂದು ಹಾರ್ಮೋನಿಯಂ ಒಳಗೆ ತಲೆ ಹಾಕಿದ. ಚಿಕ್ಕಪ್ಪ ನಂಬಿದ. ಆ ಮಾತನ್ನು ಇಡೀ ಬೀದಿಗೆ ಹೇಳಿಕೊಂಡು ಬಂದ. ಅವತ್ತಿನಿಂದ ಸೌತೆಕಾಯಿಯನ್ನು ತನ್ನ ಗಾಜಿನ ಕಪಾಟಿನಲ್ಲಿಟ್ಟುಕೊಂಡು ಕಾವಲು ಕೂತ. ಅಪ್ಪನಿಗೆ ಅದು ಮತ್ತೆ ಕೈಗೆ ಸಿಗಲಿಲ್ಲ.

ಭಾನುವಾರ ಬಂತು. ಅಂಗಡಿ ತುಂಬಿತ್ತು. ತುತ್ತೂರಿ ಮಾವ ಬ್ಯಾಂಡಿನ ನಾಲ್ಕಾರು ಜನರನ್ನು ಕರೆತಂದಿದ್ದ. ಸಂಗೀತದ ಮೇಷ್ಟ್ರು ಪಿಟೀಲು ಪೆಟ್ಟಿಗೆಯ ಸಮೇತ ಬಂದು ಮುಂದೆ ಕೂತರು. ಮೇಷ್ಟ್ರು ಯಾವ ವಿಷಯಕ್ಕೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರು. ಸೌತೆಕಾಯಿ ನೋಡಿ, ‘ವಾದ್ಯ ಇದ್ರೂ ಇರಬಹುದು, ಇಲ್ಲದೇ ಇದ್ರೂ ಇಲ್ಲದೇ ಇರಬಹುದು’ ಎಂದರು. ಅಮ್ಮ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

‘ಅಣ್ಣಾ, ಕಣ್ಣು ಮುಚ್ಕೋ’ ಎಂದು ಸುತ್ತಿಗೆ ಎತ್ತಿದ.

‘ಬಡೀಬೇಡ’ ಎಂದ ಅಪ್ಪ. ‘ಅದು ಬೀಗ.’

ಅಂಗಡಿಯಲ್ಲಿ ನಗು ಎದ್ದಿತು. ಚಿಕ್ಕಪ್ಪ ಸೌತೆಕಾಯಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ‘ಕೀಲಿ ತೂತು ಎಲ್ಲಿದೆ ಅಣ್ಣಾ? ಬೀಗ ಅಂತೆ. ಹಾಗಾದ್ರೆ ತೆಗೆದು ತೋರಿಸು ನೋಡೋಣ.’

‘ಕೊಡು.’

ಅಪ್ಪ ಅದನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಕೊಂಡಿಗೆ ಕೊಟ್ಟು ಹೊರಕ್ಕೆ ಒತ್ತಿ ಎಳೆದ. ಹಾಗೇ ಬಿಗಿ ಹಿಡಿದುಕೊಂಡು ಬಲಗೈಯಿಂದ ಮೊದಲ ಬಳೆಯನ್ನು ನಿಧಾನವಾಗಿ ತಿರುಗಿಸತೊಡಗಿದ. ಕಣ್ಣು ಮುಚ್ಚಿದ್ದ, ಯಾರೂ ಹೇಳದೆ. ಆ ಕೈಗಳು ನನಗೆ ಚೆನ್ನಾಗಿ ಗೊತ್ತು. ಸ್ವರ ಕೇಳಿಸದೆ ಹೋದ ಮೇಲೆ ಅಪ್ಪ ನಾನು ಶ್ರುತಿ ಮಾಡುವಾಗಲೆಲ್ಲ ಹಾರ್ಮೋನಿಯಂ ಮರದ ಮೇಲೆ ಬೆರಳಿಟ್ಟುಕೊಂಡು ಕೂರುತ್ತಿದ್ದ. ಮರ ನಡುಗುವುದು ಗೊತ್ತಾಗುತ್ತದಂತೆ, ಸ್ವರ ಯಾವುದೆಂದು ಮಾತ್ರ ಗೊತ್ತಾಗುವುದಿಲ್ಲವಂತೆ.

ಅಪ್ಪನ ಬೆರಳು ಒಂದು ಕಡೆ ನಿಂತಿತು. ಅಲ್ಲಿ ಹಿಡಿತ ಒಂದಿಷ್ಟು ಸಡಿಲವಾಗಿರಬೇಕು. ಎರಡನೇ ಬಳೆಗೆ ಹೋದ. ಚಿಕ್ಕಪ್ಪ ಬಗ್ಗಿ ಸೌತೆಕಾಯಿಯ ಹತ್ತಿರ ಕಿವಿ ಇಟ್ಟ, ಮೇಷ್ಟ್ರೂ ಇಟ್ಟರು. ಇಬ್ಬರ ತಲೆ ಡಿಕ್ಕಿ ಹೊಡೆಯಿತು. ಮೂರನೇ ಬಳೆ. ನಾಲ್ಕನೆಯದು ಸುತ್ತಿ ಸುತ್ತಿ ಒಂದು ಕಡೆ ನಿಂತಾಗ ಕೊಂಡಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೊರಬಂತು.

ಮೀನು, ಏಣಿ, ಹಕ್ಕಿ, ಕೊಡ. ಒಳಗಿನಿಂದ ಒಂದು ಒಣಗಿದ ಜೋಳದ ಕಾಳು ಮೇಜಿನ ಮೇಲೆ ಬಿತ್ತು. ಚಿಕ್ಕಪ್ಪನ ಗಿಲಕಿ ಅದೇ.

‘ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು’ ಎಂದ ತುತ್ತೂರಿ ಮಾವ. ‘ಇಲಿ ತಿನ್ನೋ ಕಾಳು ಸಿಕ್ಕಿತು, ಇಲಿಯೂ ಇಲ್ಲ.’

ಮೇಷ್ಟ್ರು ಬಳೆಗಳನ್ನು ನೋಡಿ, ಓದು ಬರದ ಕಾವಲುಗಾರನೂ ನೆನಪಿಟ್ಟುಕೊಳ್ಳಲಿ ಎಂದು ಚಿತ್ರ ಕೆತ್ತಿರಬೇಕು ಎಂದರು. ಅವರ ಬಾಯಲ್ಲಿ ಅಷ್ಟು ಖಚಿತವಾದ ಮಾತು ನಾವು ಕೇಳಿದ್ದು ಅದೊಂದೇ ಸಲ. ಚಿಕ್ಕಪ್ಪನಿಗೆ ತನ್ನ ಪ್ರಾಚೀನ ಸಂಗೀತ ಹೋಯಿತೆಂಬ ದುಃಖ ಚಿಟಿಕೆ ಹೊಡೆಯುವಷ್ಟು ಹೊತ್ತೂ ಇರಲಿಲ್ಲ. ಅವನಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತ್ತು.

‘ಕೇಳಿಸ್ತಾ ನಿಮಗೆ?’ ಎಂದು ಎಲ್ಲರನ್ನೂ ಕೇಳಿದ. ‘ನಾನು ಕಿವಿ ಇಟ್ಟಿದ್ದೆ, ನನಗೇನೂ ಕೇಳಿಸಲಿಲ್ಲ. ಮೇಷ್ಟ್ರೇ, ನಿಮಗೆ?’

‘ನನಗೂ ಇಲ್ಲಪ್ಪ.’

‘ನಮಗ್ಯಾರಿಗೂ ಕೇಳಿಸದ ಸಪ್ಪಳ ಹಿಡಿದು ಬೀಗ ತೆಗೆದ ನಮ್ಮಣ್ಣ. ಇದಪ್ಪ ಕಿವಿ ಅಂದ್ರೆ.’

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಗೆದ್ದುಬಿಟ್ಟಿದ್ದೆವು. ಇನ್ನು ಹತ್ತು ವರ್ಷ ಯಾರೂ ಅಪ್ಪನ ಕಿವಿಯ ತಂಟೆಗೆ ಬರುವುದಿಲ್ಲ, ಮೇಜು ಇದ್ದಲ್ಲೇ ಇರುತ್ತದೆ, ನಾನು ಧೂಳು ಒರೆಸಿಕೊಂಡು ಇರಬಹುದು. ಅಪ್ಪ ತಲೆ ತಗ್ಗಿಸಿ ಆ ಜೋಳದ ಕಾಳನ್ನು ಉರುಳಿಸುತ್ತಿದ್ದ.

ಆಗ ಚಿಕ್ಕಪ್ಪ ನನ್ನ ಕಡೆ ತಿರುಗಿದ. ‘ನೋಡಿ ಕಲೀಬೇಕು ಹುಡುಗಿ. ಇಷ್ಟು ವರ್ಷದಿಂದ ಅಪ್ಪನ ಪಕ್ಕದಲ್ಲೇ ಕೂತಿದ್ದೀಯ, ಏನು ಪ್ರಯೋಜನ? ಅಂಟು ಕಾಯಿಸೋದು ಬಿಟ್ಟು ಒಂದು ಸ್ವರ ನೆಟ್ಟಗೆ ಹಿಡಿಯೋದು ಕಲಿತ್ಯಾ?’

ತಮಾಷೆಗೇ ಹೇಳಿದ್ದು. ಎಲ್ಲರೂ ತಮಾಷೆಗೇ ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. ಅಂಟಿನ ಪಾತ್ರೆಯ ಕಡೆ ತಿರುಗಿಕೊಂಡೆ.

ಅಪ್ಪನಿಗೆ ಆ ಮಾತು ಕೇಳಿಸಿತೋ, ಚಿಕ್ಕಪ್ಪನ ತುಟಿ ನೋಡಿ ತಿಳಿಯಿತೋ, ನನ್ನ ಮುಖ ನೋಡಿ ತಿಳಿಯಿತೋ ಗೊತ್ತಿಲ್ಲ. ಎದ್ದು ನಿಂತ.

‘ನಂಗೂ ಕೇಳಿಸಲಿಲ್ಲ’ ಎಂದ.

‘ಏನು?’ ಎಂದ ಚಿಕ್ಕಪ್ಪ.

‘ಬೀಗದ ಸಪ್ಪಳ. ಅದನ್ನ ತೆಗೆದದ್ದು ಕೈ. ಬಳೆ ಸರಿಯಾದ ಜಾಗಕ್ಕೆ ಬಂದಾಗ ಕೊಂಡಿ ಸಡಿಲ ಆಗುತ್ತೆ, ಬೆರಳಿಗೆ ಗೊತ್ತಾಗುತ್ತೆ. ನನ್ನ ಕಿವಿ ಹೋಗಿ ಎರಡು ವರ್ಷ ಆಯ್ತು.’ ಅಪ್ಪ ಒಂದೊಂದೇ ಮಾತನ್ನು ಇಟ್ಟು ಇಟ್ಟು ಆಡಿದ. ‘ಎರಡು ವರ್ಷದಿಂದ ಈ ಅಂಗಡಿಯಿಂದ ಹೊರಗೆ ಹೋದ ಒಂದೊಂದು ಸ್ವರವೂ ಅವಳು ಕೂರಿಸಿದ್ದು. ಮೇಷ್ಟ್ರೇ, ನಿಮ್ಮ ಪಿಟೀಲು. ಮಾವ, ನಿಮ್ಮ ಬ್ಯಾಂಡಿನ ಹಾರ್ಮೋನಿಯಂ. ಕೈ ಮುಗಿಸಿಕೊಂಡಿದ್ದು ಮಾತ್ರ ನಾನು. ಮೇಜು ಹೋಗುತ್ತೆ ಅಂತ ಹೆದರಿ ಸುಮ್ಮನಿದ್ದೆ. ಅವಳಿಗೆ ಸ್ವರ ಬರಲ್ಲ ಅಂತ ಮಾತ್ರ ಯಾರೂ ಅನ್ನಬೇಡಿ. ಮೇಜು ಹೋದ್ರೆ ಹೋಗ್ಲಿ.’

ಮೊದಲು ಬಾಯಿ ಬಂದದ್ದು ಅಮ್ಮನಿಗೆ.

‘ಎರಡು ವರ್ಷದಿಂದಾನಾ?’

‘ಹೂಂ.’

‘ಅಂದ್ರೆ 'ನಾನು ಏನಂದ್ರೂ ಇವರು ಈಗ ಒಂದು ಮಾತು ತಿರುಗಿ ಆಡಲ್ಲ, ವಯಸ್ಸಾದ ಹಾಗೆ ಎಷ್ಟು ಒಳ್ಳೆಯವರಾಗಿಬಿಟ್ಟರು' ಅಂತ ನಮ್ಮಕ್ಕನ ಹತ್ತಿರ, ಪಕ್ಕದ ಮನೆಯವರ ಹತ್ತಿರ ಎಲ್ಲ ಹೇಳಿಕೊಂಡು ಬಂದ್ನಲ್ಲ, ನೀವು ಒಳ್ಳೆಯವರಾಗಿರಲಿಲ್ವಾ?’

ಅಪ್ಪ ಅವಳ ತುಟಿಯನ್ನೇ ನೋಡುತ್ತಾ ಯೋಚಿಸಿದ. ‘ಎತ್ತರದ ಸ್ವರ ಮೊದಲು ಹೋಗೋದು. ನಿನ್ನದು ಎತ್ತರದ ಸ್ವರ.’

‘ಎರಡು ವರ್ಷ ಕೋಣನ ಮುಂದೆ ಕಿನ್ನರಿ ಬಾರಿಸಿದ್ನಾ ನಾನು?’ ಅಮ್ಮ ಟೀ ತಟ್ಟೆಯನ್ನು ಕೀಬೋರ್ಡಿನ ಮೇಲೇ ಕುಕ್ಕಿದಳು. ತುತ್ತೂರಿ ಮಾವ ಮೊದಲು ನಕ್ಕ, ಆಮೇಲೆ ಮೇಷ್ಟ್ರು, ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಅಮ್ಮನೂ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಗುವಿಗೋ ಇನ್ನೇತಕ್ಕೋ. ಆಮೇಲೆ ಅಪ್ಪನ ಹತ್ತಿರ ಹೋಗಿ, ಅವನ ಎದುರಿಗೇ ನಿಂತು, ‘ನನಗಾದ್ರೂ ಹೇಳಬಾರದಿತ್ತಾ ರೀ’ ಎಂದಳು, ಮೆಲ್ಲಗೆ. ಅಪ್ಪನಿಗೆ ಅದು ತಿಳಿಯಿತು.

ಚಿಕ್ಕಪ್ಪ ಮಾತ್ರ ನಕ್ಕಿರಲಿಲ್ಲ. ಸುತ್ತಿಗೆ ಹಿಡಿದುಕೊಂಡು ಹಾಗೇ ನಿಂತಿದ್ದ. ಕೊನೆಗೆ, ‘ಹೋದ ವರ್ಷ ಮೇಷ್ಟ್ರು ಬಂದು, ಪಿಟೀಲು ಹಿಂದೆಂದೂ ಇಷ್ಟು ಚೆನ್ನಾಗಿ ಕೂತಿರಲಿಲ್ಲ ಅಂದ್ರಲ್ಲ, ಅದು?’ ಎಂದು ನನ್ನನ್ನು ಕೇಳಿದ.

‘ನಾನು’ ಎಂದೆ.

‘ಆ ದೊಡ್ಡ ಹಾರ್ಮೋನಿಯಂ? ಬ್ಯಾಂಡಿನವರ ಆರು ತುತ್ತೂರಿ?’

‘ತಗಡು ಅಪ್ಪಂದು. ಶ್ರುತಿ ನಂದು.’

ಚಿಕ್ಕಪ್ಪ ಸುತ್ತಿಗೆ ಕೆಳಗಿಟ್ಟ. ಅಪ್ಪನ ಎದುರಿಗೆ ಹೋಗಿ, ಬಾಯಿ ದೊಡ್ಡದಾಗಿ ತೆರೆದು, ಮಗುವಿಗೆ ಹೇಳುವ ಹಾಗೆ ಹೇಳಿದ: ‘ಅಣ್ಣಾ. ನಿನ್ನ ಕಿವಿ ಇರೋ ತನಕ ಅಂದಿದ್ದೆ ನಾನು. ಅದು ಹೋಗಿಯೂ ಎರಡು ವರ್ಷ ಅಂಗಡಿ ನಡೆದಿದೆ ಅಂದ್ಮೇಲೆ ನನ್ನ ಮಾತು ದಂಡದ ಮಾತು. ಆ ಮೇಜು ಅಲ್ಲೇ ಇರುತ್ತೆ.’ ಆಮೇಲೆ ಸಣ್ಣ ದನಿಯಲ್ಲಿ, ‘ಆದ್ರೆ ನನ್ನಿಂದ ಮುಚ್ಚಿಟ್ಟಿದ್ದು ಸರಿ ಅಲ್ಲ’ ಎಂದ. ಅಪ್ಪನಿಗೆ ಕೇಳಿಸಲಿಲ್ಲ. ಎರಡನೇ ಸಲ ಹೇಳುವಷ್ಟು ಕೋಪ ಚಿಕ್ಕಪ್ಪನಿಗೂ ಇರಲಿಲ್ಲ.

ಎಲ್ಲರೂ ಟೀ ತೆಗೆದುಕೊಂಡರು. ತುತ್ತೂರಿ ಮಾವ ಮೀನು, ಏಣಿ, ಹಕ್ಕಿ, ಕೊಡ ಎಂದು ಬಾಯಿಪಾಠ ಮಾಡುತ್ತಾ ಬೀಗ ಹಾಕಿ ತೆಗೆದು, ಹಾಕಿ ತೆಗೆದು ಮಾಡತೊಡಗಿದ. ಮೇಷ್ಟ್ರು ಪೆಟ್ಟಿಗೆ ಬಿಚ್ಚಿ ಪಿಟೀಲು ತೆಗೆದರು. ಅಭ್ಯಾಸಬಲದಿಂದ ಅಪ್ಪನ ಮೇಜಿನ ಕಡೆ ಎರಡು ಹೆಜ್ಜೆ ಇಟ್ಟು, ನಿಂತರು. ತಿರುಗಿ ಬಂದು ಅದನ್ನು ನನ್ನ ಮೇಜಿನ ಮೇಲಿಟ್ಟರು.

‘ಮೂರನೇ ತಂತಿ ಯಾಕೋ ಸರಿ ಇಲ್ಲ ಅನ್ಸುತ್ತಮ್ಮ. ಇದ್ರೂ ಇರಬಹುದು. ನೀನೇ ನೋಡಿ ಹೇಳು.’

ನಾನು ಕಮಾನು ಎಳೆದೆ. ಅಂಗಡಿಯಲ್ಲಿ ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಅಪ್ಪ ಬಂದು ಪಿಟೀಲಿನ ಮರದ ಮೇಲೆ ಎರಡು ಬೆರಳಿಟ್ಟು ನಿಂತ.

‘ಹೇಗಿದೆ?’ ಎಂದು ಕೇಳಿದ, ಎಲ್ಲರ ಎದುರು.

‘ಇಳಿದಿದೆ ಅಪ್ಪ.’

‘ಏನಂದೆ?’

‘ಇಳಿದಿದೆ’ ಎಂದು ಕೂಗಿದೆ, ಬೀದಿಯ ಆ ಕೊನೆಗೆ ಕೇಳಿಸುವ ಹಾಗೆ.

‘ಮತ್ತೆ ಏರಿಸು’ ಎಂದ ಅಪ್ಪ. ‘ನನ್ನ ಮುಖ ಏನು ನೋಡ್ತೀಯ.’